ಗೋಲ್ಡ್‌ಫಿಶ್ ಒಳಗೆ ತರುವ ಮೊದಲು ನೀರು ತಯಾರಾಗಲಿ

ದೀಪಾವಳಿ ಮುಗಿದು ರಾತ್ರಿ ಕೌದಿ ಬೇಕೆನ್ನಿಸುವ ಹೊತ್ತಿಗೆ ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಚಿಂತೆ ಶುರುವಾಗುತ್ತದೆ: ಅಂಗಳದ ತೊಟ್ಟಿಯ ಗೋಲ್ಡ್‌ಫಿಶ್ ಚಳಿಗೆ ಸತ್ತಾವೇನೋ ಎಂದು. ಹೆದರಬೇಡಿ. ಗೋಲ್ಡ್‌ಫಿಶ್ ತಣ್ಣೀರಿನ ಮೀನು. ಮೇಲೆ ಮಂಜುಗಡ್ಡೆ ಕಟ್ಟುವ ದೇಶಗಳಲ್ಲೂ ಆಳದ ಕೊಳದಲ್ಲಿ ಬದುಕುತ್ತದೆ. ಎರಡು–ಮೂರು ಅಡಿ ಆಳದ ತೊಟ್ಟಿಯಲ್ಲಿ ಉದ್ದ ಮೈಯ ಸಾದಾ ಮೀನಿದ್ದರೆ ಅಲ್ಲೇ ಬಿಡಿ.

ಒಳಗೆ ತರಬೇಕಾದವು ಬೇರೆ. ತಾರಸಿ ಮೇಲಿನ ಟಬ್ಬಿನ ಮೀನು, ಒರಾಂಡಾದಂಥ ಗುಂಡು ಹೊಟ್ಟೆಯವು, ಮೊದಲೇ ಬಳಲಿದವು. ನಮ್ಮ ಊರಲ್ಲಿ ಡಿಸೆಂಬರ್, ಜನವರಿಯ ಹಗಲು 28–30 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 10–12ಕ್ಕೆ ಇಳಿಯುತ್ತದೆ. ಪಾಷಾಣ, ಎನ್‌ಡಿಎ (ಸೇನಾ ಅಕಾಡೆಮಿ) ಕಡೆ ಇನ್ನೂ ಕೆಳಗೆ. ಚಿಕ್ಕ ಟಬ್ಬಿನ ನೀರು ಈ ಏರಿಳಿತವನ್ನು ದಿನಾ ನುಂಗಬೇಕಾಗುತ್ತದೆ. ಮೀನಿಗೆ ಚಳಿಗಿಂತ ಈ ಹೊಯ್ದಾಟವೇ ಕಷ್ಟ. ಮೈಮೇಲೆ ಬಿಳಿ ಚುಕ್ಕೆ ರೋಗ ಏಳುವುದೂ ಆಗಲೇ. ತೊಟ್ಟಿಯಲ್ಲಿ ಗಪ್ಪಿಗಳೂ ಇದ್ದರೆ ಅವುಗಳ ಮೇಲೆ ಮೊದಲು ಕಣ್ಣಿಡಿ. ಅವು ಬೆಚ್ಚನೆ ನೀರಿನವು.

ಒಳಗೆ ತಂದ ಮೀನು ವಾರದಲ್ಲೇ ಸತ್ತರೆ ಎಲ್ಲರೂ ಚಳಿಯನ್ನು ದೂರುತ್ತಾರೆ. ಬಹಳ ಸಲ ಕೊಂದದ್ದು ಹೊಸ ನೀರು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಹಳೆಯ ತೊಟ್ಟಿಯ ಗೋಡೆ, ಕಲ್ಲು, ಪಾಚಿಯ ಮೇಲೆ ಕೂತ ಬ್ಯಾಕ್ಟೀರಿಯಾ ಆ ವಿಷವನ್ನು ಕರಗಿಸುತ್ತದೆ. ಫಳಫಳ ಹೊಳೆಯುವ ಹೊಸ ಗಾಜಿನ ಟ್ಯಾಂಕಿನಲ್ಲಿ ಅದು ಇರುವುದಿಲ್ಲ, ತಾನಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ನಾನು ದಸರೆಯಲ್ಲೇ ಸ್ಪಾಂಜ್ ಫಿಲ್ಟರ್ ತಂದು ಹೊರಗಿನ ತೊಟ್ಟಿಯಲ್ಲಿ ಓಡಲು ಬಿಡುತ್ತೇನೆ. ತುಳಸಿ ಲಗ್ನದ ಹೊತ್ತಿಗೆ ಆ ಬ್ಯಾಕ್ಟೀರಿಯಾ ಕೂತು ಅದು ಕಂದುಬಣ್ಣಕ್ಕೆ ತಿರುಗಿ ಜಿಗುಟಾಗಿರುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನೇ ಎತ್ತಿ ಒಳಗಿನ ಟ್ಯಾಂಕಿಗೆ ಇಡಬೇಕು. ದಯವಿಟ್ಟು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಎಲ್ಲವನ್ನೂ ಕೊಂದುಬಿಡುತ್ತದೆ. ತೊಳೆಯಲೇಬೇಕಾದರೆ ತೊಟ್ಟಿಯ ನೀರಲ್ಲೇ ಒಮ್ಮೆ ಹಿಂಡಿ.

ಟ್ಯಾಂಕಿಗೆ ಅರ್ಧ ತೊಟ್ಟಿಯ ನೀರು, ಅರ್ಧ ಹೊಸ ನೀರು. ಕಾರ್ಪೊರೇಷನ್ ನೀರನ್ನು ಅಗಲ ಬಕೆಟ್ಟಿನಲ್ಲಿ ಒಂದು ದಿನ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಸೊಸೈಟಿಗೆ ಟ್ಯಾಂಕರ್ ಬರುತ್ತಿದ್ದರೆ ಆ ನೀರಿನ ಮೂಲ ತಿಳಿಯದು, ಆಂಟಿ ಕ್ಲೋರಿನ್ ಹನಿ ಹಾಕುವುದೇ ಕ್ಷೇಮ. ದುಂಡು ಬೌಲ್ ಬೇಡವೇ ಬೇಡ. ಮೂರು ಅಡಿ ಉದ್ದ, ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಎರಡು ಮೀನಿಗೆ ಸರಿ. ಅದರಲ್ಲಿ ಸುಮಾರು 120 ಕಿಲೋ ನೀರೇ ಇರುತ್ತದೆ, ಆದ್ದರಿಂದ ಶೋಕೇಸ್ ಮೇಲೆ ಇಡದೆ ಗೋಡೆಗೆ ಒತ್ತಿದ ಗಟ್ಟಿ ಸ್ಟ್ಯಾಂಡ್ ಮೇಲೆ, ಬಿಸಿಲು ನೇರ ಬೀಳದ ಕಡೆ ಇಡಿ. ಮೇಲೆ ಜಾಲರಿ ಮುಚ್ಚಿ. ಹೊಸ ಜಾಗದಲ್ಲಿ ಮೀನು ಜಿಗಿಯುತ್ತದೆ.

ತರುವ ಹಿಂದಿನ ದಿನ ಆಹಾರ ಹಾಕಬೇಡಿ. ಹಿಡಿಯಲು ಬಲೆಗಿಂತ ಪಾತೇಲಿ ಒಳ್ಳೆಯದು, ರೆಕ್ಕೆ ಹರಿಯುವುದಿಲ್ಲ, ಮೈಯ ಲೋಳೆಯೂ ಉಳಿಯುತ್ತದೆ. ಮಧ್ಯಾಹ್ನದ ಹೊತ್ತು ಹಿಡಿದು, ತೊಟ್ಟಿಯ ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಲೋಟ ಲೋಟ ಟ್ಯಾಂಕಿನ ನೀರು ಸೇರಿಸುತ್ತ ಬಿಡಿ. ತೊಟ್ಟಿಯ ಗಿಡ ತರುವುದಾದರೆ ಬೇರು ಜಾಲಾಡಿಸಿ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅಡಗಿದ್ದರೆ ಸಣ್ಣ ಮರಿಗಳನ್ನು ಹಿಡಿದು ತಿನ್ನುತ್ತದೆ.

ಮೊದಲ ಎರಡು ವಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ. ಮೂರು–ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಹಸಿವೆಂದು ಮತ್ತೆ ಹಾಕಬೇಡಿ, ಉಸಿರು ಸಿಗುತ್ತಿಲ್ಲವೆಂದು ತಿಳಿದು ನೀರು ಬದಲಿಸಿ. ಹೀಟರ್ ಬೇಕಿಲ್ಲ. ಹೊರಗೇ ಉಳಿದ ಮೀನಿಗೆ ನೀರು 15 ಡಿಗ್ರಿಗಿಂತ ತಣ್ಣಗಾದಾಗ ಆಹಾರ ಕಡಿಮೆ ಮಾಡಿ, 10ಕ್ಕೆ ಇಳಿದರೆ ಪೂರ್ತಿ ನಿಲ್ಲಿಸಿ. ಹೊಟ್ಟೆಗೆ ಹೋದದ್ದು ಆಗ ಅರಗುವುದಿಲ್ಲ.

ಖಾಲಿಯಾದ ತೊಟ್ಟಿಯನ್ನು ಮಾತ್ರ ಮರೆಯಬೇಡಿ. ಮೀನಿಲ್ಲದ ನೀರಿನಲ್ಲಿ ಸೊಳ್ಳೆ ಒಂದೆರಡು ವಾರದಲ್ಲೇ ಹುಟ್ಟಿ ಹಾರುತ್ತದೆ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲದು, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಗಸಗಸ ಉಜ್ಜಬೇಕು. ಮರಿ ಹೆಚ್ಚಾಗಿ ಜಾಗ ಸಾಲದಿದ್ದರೆ ಪರಿಚಯದವರಿಗೆ ಕೊಡಿ, ಪಾಷಾಣ ಕೆರೆಗೋ ಮುಠಾ ನದಿಗೋ ಬಿಡಬೇಡಿ; ಅವು ಅಲ್ಲಿಯ ಮೀನಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದಲ್ಲ, ಅದಕ್ಕೆ ವಾರ ಮೊದಲೇ ತೊಟ್ಟಿ ತುಂಬಿಸಿ, ಮೊದಲು ಸ್ಪಾಂಜ್, ಆಮೇಲೆ ಮೀನು, ಅದೇ ತೇಲಿಬಿಡುವ ಕ್ರಮದಲ್ಲೇ ಹೊರಗೆ ಬಿಡಿ.