‘ಸೆಕೆಂಡ್’ ಅಂತ ಬರೆಯುವ ಮುಂಚೆ

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಅರ್ಜಿ, ಮದುವೆ ಕಾಗದ, ಸೊಸೈಟಿಯ ಮಹಾಸಭೆ ವರದಿ, ಎಲ್ಲ ಟೈಪ್ ಮಾಡಿ ಕೊಡುತ್ತೇನೆ. ಇಂಗ್ಲಿಷ್ ಕಾಗದಗಳಲ್ಲಿ ಜಾಸ್ತಿ ತಿದ್ದಬೇಕಾಗುವುದು ದೊಡ್ಡ ದೊಡ್ಡ ಪದಗಳನ್ನಲ್ಲ, ಸೆಕೆಂಡ್‌ನಂಥ ಪದವನ್ನು. ಎರಡನೆಯದು ಅನ್ನುವ ಅರ್ಥ ಎಲ್ಲರಿಗೂ ಗೊತ್ತು. ಎಡವಟ್ಟಾಗುವುದು ಅದರ ಅಕ್ಕಪಕ್ಕದ ಪದಗಳಲ್ಲಿ.

ಮೊದಲು ‘ದ’ ಬೇಕೋ ‘ಎ’ ಬೇಕೋ ನೋಡಿಕೊಳ್ಳಿ. ‘ದ ಸೆಕೆಂಡ್ ಕೀ’ ಅಂದರೆ ಗೊಂಚಲಿನಲ್ಲಿ ಎರಡನೇ ಕೀ. ‘ಎ ಸೆಕೆಂಡ್ ಕೀ’ ಅಂದರೆ ಇರುವುದರ ಜೊತೆಗೆ ಇನ್ನೊಂದು. ಒಬ್ಬ ಡಾಕ್ಟರು ಆಪರೇಷನ್ ಅಂದ ಮೇಲೆ ಮಣಿಪಾಲಕ್ಕೆ ಹೋಗಿ ಇನ್ನೊಬ್ಬರಿಗೆ ತೋರಿಸುತ್ತೇವಲ್ಲ, ಅದು ‘ಎ ಸೆಕೆಂಡ್ ಒಪೀನಿಯನ್’. ಅಲ್ಲಿ ‘ದ’ ಹಾಕಿದರೆ ಯಾವುದೋ ಗೊತ್ತಿರುವ ಪಟ್ಟಿಯ ಎರಡನೆಯದು ಅಂತಾಗುತ್ತದೆ.

‘ಎವ್ರಿ’ ಸೇರಿದರೆ ಇನ್ನೂ ಹುಷಾರು. ‘ಎವ್ರಿ ಸೆಕೆಂಡ್ ಡೇ’ ಅಂದರೆ ದಿನ ಬಿಟ್ಟು ದಿನ. ಹಾಗಾದರೆ ‘ಎವ್ರಿ ಸೆಕೆಂಡ್ ಸ್ಯಾಟರ್ಡೇ’? ವಾರ ಬಿಟ್ಟು ವಾರ ಶನಿವಾರ ಅಂತಲೂ ಓದಬಹುದು, ತಿಂಗಳ ಎರಡನೇ ಶನಿವಾರ ಅಂತಲೂ ಓದಬಹುದು. 2015ರ ಸೆಪ್ಟೆಂಬರಿನಿಂದ ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಐದು ಶನಿವಾರ ಇರುವ ತಿಂಗಳು ಬಂದಾಗ ವಾರ ಬಿಟ್ಟು ವಾರದ ಲೆಕ್ಕ ಅಲ್ಲೇ ತಪ್ಪುತ್ತದೆ. ಬೋರ್ಡಿನಲ್ಲಿ ‘ದ ಸೆಕೆಂಡ್ ಸ್ಯಾಟರ್ಡೇ ಆಫ್ ಎವ್ರಿ ಮಂತ್’ ಅಂತ ಪೂರ್ತಿ ಬರೆಯಿರಿ. ಮೂರು ಪದ ಜಾಸ್ತಿಯಾದರೂ ತಕರಾರಿಲ್ಲ.

ಮಹಾಸಭೆ ವರದಿಯಲ್ಲಿ ಇದೇ ಪದ ಕ್ರಿಯಾಪದವಾಗುತ್ತದೆ. ಸೂಚಿಸಿದವರು, ಅನುಮೋದಿಸಿದವರು ಅಂತ ಕನ್ನಡದಲ್ಲಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ‘ಪ್ರಪೋಸ್ಡ್ ಬೈ’, ‘ಸೆಕೆಂಡೆಡ್ ಬೈ’. ಹಲವರು ಎರಡನೆಯದಕ್ಕೆ ‘ಅಪ್ರೂವ್ಡ್ ಬೈ’ ಅಂತ ಬರೆದು ತರುತ್ತಾರೆ. ಅದು ಸರಿಯಲ್ಲ. ಸೆಕೆಂಡ್ ಮಾಡುವುದು ಅಂದರೆ ‘ಈ ವಿಷಯ ಚರ್ಚೆಗೆ ಬರಲಿ, ನನ್ನ ಬೆಂಬಲ ಉಂಟು’ ಅಂತ ಒಬ್ಬ ಸದಸ್ಯರು ಹೇಳುವುದು ಮಾತ್ರ. ಅಪ್ರೂವ್ ಮಾಡುವುದು ಸಭೆ. ಸೂಚಿಸಿದವರ ಹೆಸರನ್ನೇ ಸೆಕೆಂಡೆಡ್ ಮುಂದೆಯೂ ಹಾಕಬೇಡಿ ಮಾರಾಯ್ರೆ, ಬೇರೆಯವರೇ ಆಗಬೇಕು.

ಹೆಂಚಿನ ವ್ಯಾಪಾರಿಗಳಿಗೆ ಒಂದು ಮಾತು. ‘ಸೆಕೆಂಡ್‌ಹ್ಯಾಂಡ್ ಟೈಲ್ಸ್’ ಅಂದರೆ ಹಳೇ ಮನೆ ಕೆಡವಿ ಇಳಿಸಿದ್ದು. ಬರೀ ‘ಸೆಕೆಂಡ್ಸ್’ ಅಂದರೆ ಹೊಸ ಮಾಲೇ, ಆದರೆ ಸಣ್ಣ ಕುಂದು ಇರುವಂಥದ್ದು, ಅಂಚು ಒಡೆದದ್ದೋ ಬಣ್ಣ ಸರಿ ಬಾರದ್ದೋ. ಕೊಟೇಷನ್‌ನಲ್ಲಿ ಇವೆರಡು ಅದಲುಬದಲಾದರೆ ಗಿರಾಕಿ ಜಗಳಕ್ಕೇ ಬರುತ್ತಾನೆ. ಹಾಗೆ ನೋಡಿದರೆ ಮಂಗಳೂರಿನ ಹಳೇ ಹೆಂಚಿಗೆ ಈಗ ಬೇಡಿಕೆಯೂ ಉಂಟು, ಅದನ್ನು ಸುಮ್ನೆ ‘ಸೆಕೆಂಡ್ಸ್’ ಅಂದು ಬೆಲೆ ಇಳಿಸಿಕೊಳ್ಳುವುದು ಯಾಕೆ?

ವಿಳಾಸಕ್ಕೆ ಬಂದರೆ, ನಮ್ಮಲ್ಲಿ ‘ಸೆಕೆಂಡ್ ಫ್ಲೋರ್’ ಅಂದರೆ ಗ್ರೌಂಡ್ ಫ್ಲೋರ್ ಲೆಕ್ಕಕ್ಕಿಲ್ಲ, ಅದರ ಮೇಲೆ ಎರಡನೆಯದು. ಅಮೆರಿಕದಲ್ಲಿ ಗ್ರೌಂಡ್ ಫ್ಲೋರೇ ಫಸ್ಟ್. ಅಲ್ಲಿಂದ ಬರುವ ನೆಂಟರಿಗೆ ಫ್ಲಾಟ್ ನಂಬರನ್ನೂ ಕೊಡಿ. ಹೊರ ರಾಜ್ಯದ ಅರ್ಜಿಯಲ್ಲಿ ‘ಸೆಕೆಂಡ್ ಪಿಯುಸಿ’ ಜೊತೆಗೆ ಹನ್ನೆರಡನೇ ತರಗತಿ ಅಂತಲೂ ಸೇರಿಸಿ.

ಗಡಿಯಾರದ ಸೆಕೆಂಡೂ ಇದೇ ಪದ. ಗಂಟೆಯನ್ನು ಮೊದಲ ಸಲ ಅರವತ್ತು ಮಾಡಿದಾಗ ಸಿಕ್ಕಿದ್ದು ಮಿನಿಟ್, ಎರಡನೇ ಸಲ ಅರವತ್ತು ಮಾಡಿದಾಗ ಸಿಕ್ಕಿದ್ದು ಸೆಕೆಂಡ್. ಲ್ಯಾಟಿನ್‌ನಿಂದ ಬಂದದ್ದು.

ಇನ್ನು ತಾರೀಕು. 2, 22ರ ಮುಂದೆ ಎನ್, ಡಿ ಬರುತ್ತದೆ. 12ಕ್ಕೆ ಮಾತ್ರ ಟಿ, ಎಚ್. ಮದುವೆ ಕಾಗದ ಪ್ರಿಂಟಿಗೆ ಹೋಗುವ ಮುಂಚೆ ಇದನ್ನೊಮ್ಮೆ ನೋಡಿಬಿಡಿ, ಆಮೇಲೆ ಪೆನ್ನಲ್ಲಿ ತಿದ್ದಿದರೆ ಚಂದ ಕಾಣುವುದಿಲ್ಲ.