ಒಂದು ಹಿಡಿ ಗೋಧಿ ಹಿಟ್ಟೂ ಬೇಡ

ಹೋದ ತಿಂಗಳು ಸೊಸೆಯ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ನಮ್ಮ ಮೊಮ್ಮಗಳಿಗಿರುವ ಸೀಲಿಯಾಕ್ ಕಾಯಿಲೆಯೇ ಅವಳ ಮಗನಿಗೂ ಇದೆಯಂತೆ. "ಜೋಳದ ರೊಟ್ಟಿನೇ ಕೊಡ್ತಿದ್ದೀನಿ ಆಂಟಿ, ಆದ್ರೂ ಹೊಟ್ಟೆ ಉಬ್ಬರ ಹೋಗ್ತಿಲ್ಲ" ಎಂದಳು. ಹೇಗೆ ಮಾಡ್ತೀಯಮ್ಮ ಎಂದು ಕೇಳಿದೆ. "ತಟ್ಟುವಾಗ ಹರಿಯುತ್ತಲ್ವಾ, ಅದಕ್ಕೆ ಒಂದೇ ಒಂದು ಹಿಡಿ ಗೋಧಿ ಹಿಟ್ಟು ಸೇರಿಸ್ತೀನಿ." ತಲೆ ಚಚ್ಚಿಕೊಳ್ಳುವ ಹಾಗಾಯಿತು ನನಗೆ.

ಒಂದು ಹಿಡಿಯಂತೆ! ಈ ಕಾಯಿಲೆಯಲ್ಲಿ ಚಪಾತಿಯ ಚೂರೂ ಲೆಕ್ಕಕ್ಕೆ ಬರುತ್ತದೆ. ಗೋಧಿ, ಬಾರ್ಲಿ, ರೈ (ಸಾಸಿವೆಯಲ್ಲ, ಗೋಧಿಯ ಥರದ ಒಂದು ಧಾನ್ಯ) ಇವುಗಳಲ್ಲಿ ಗ್ಲುಟೆನ್ ಅಂತ ಒಂದು ಪ್ರೋಟೀನ್ ಇದೆ. ಅದು ಹೊಟ್ಟೆಗೆ ಹೋದರೆ ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿ ನಮ್ಮದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಮೈಯಲ್ಲಿ ಟರ್ಕಿ ಟವೆಲಿನ ಎಳೆಗಳ ಹಾಗೆ ಇರುವುದೆಲ್ಲ ಸವೆದುಹೋಗುತ್ತದೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ನಮ್ಮ ಹುಡುಗಿಗೆ ಭೇದಿ ಅಷ್ಟಿರಲಿಲ್ಲ, ರಕ್ತ ಮಾತ್ರ ಏರುತ್ತಿರಲಿಲ್ಲ. ಎರಡು ವರ್ಷ ಸುಮ್ನೆ ಕಬ್ಬಿಣದ ಟಾನಿಕ್ ಕುಡಿಸಿದೆವು. ಕೊನೆಗೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಆದ ಮೇಲೆ ಗೊತ್ತಾಯಿತು. ಅನುಮಾನ ಇದ್ದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ, ರಿಪೋರ್ಟ್ ಸರಿಯಾಗಿ ಬರುವುದಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರೂ ಒಮ್ಮೆ ಮಾಡಿಸಿಕೊಳ್ಳಿ.

ಇದು ಈಗಿನ ಫ್ಯಾಷನ್ ರೋಗ ಅಂತ ಮೂಗು ಮುರಿಯುವವರೂ ಇದ್ದಾರೆ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿದಾಗ, ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರಂತೆ. ಬ್ರೆಡ್ ವಾಪಸ್ ಬಂದದ್ದೇ ತಡ, ಮತ್ತೆ ಮಲಗಿದರು. ಡಿಕ್ಕೆ ಎಂಬ ಮಕ್ಕಳ ಡಾಕ್ಟರು ಅದನ್ನು ಗಮನಿಸಿದರು. ಔಷಧಿ ಇವತ್ತಿಗೂ ಅದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು.

ಈಗ ರೊಟ್ಟಿಗೆ ಬರೋಣ. ನಾನು ವಿಜಯಪುರದ ಕಡೆಯವಳು. ನಮ್ಮ ಚಿಕ್ಕಂದಿನಲ್ಲಿ ಗೋಧಿ ಮನೆಗೆ ಬರುತ್ತಿದ್ದುದು ಹಬ್ಬದ ಹೋಳಿಗೆಗೆ ಮಾತ್ರ. ಉಳಿದ ದಿನವೆಲ್ಲ ಬಿಳಿಜೋಳ. ಯಾರ ಮನೆಯಲ್ಲೂ ರೊಟ್ಟಿ ಹರಿಯುತ್ತಿರಲಿಲ್ಲ. ಜೋಳಕ್ಕೆ ಗೋಧಿಯ ಅಂಟಿಲ್ಲ, ನಿಜ. ಅದರ ಜಿಗಿ ಬರುವುದು ಎಸರಿನಿಂದ. ಮೊದಲು ಹಿಟ್ಟು ಹೊಸದಾಗಿರಬೇಕು. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಹಿಟ್ಟಿನಲ್ಲಿ ಬ್ರಹ್ಮ ಬಂದರೂ ರೊಟ್ಟಿ ಆಗದು. ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಳಿ ಮಾಡಿ. ನೀರು ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ಬೆರಳು ಅದ್ದುವಂತಿದ್ದರೆ ಅದು ಎಸರಲ್ಲ, ಸ್ನಾನದ ನೀರು. ಗುಳಿಗೆ ಸುರಿದು ಸೌಟಿನ ಹಿಡಿಯಿಂದ ತಿರುವಿ, ಸುತ್ತಲಿನ ಒಣಹಿಟ್ಟನ್ನು ಅದರ ಮೇಲೆ ಎಳೆದು ಮುಚ್ಚಿ ಬಿಡಿ. ಆ ಬಿಸಿಯಲ್ಲೇ ಹಿಟ್ಟು ಅರೆಬೆಂದು ಜಿಗುಟಾಗುತ್ತದೆ. ಕೈ ತಡೆದುಕೊಳ್ಳುವಷ್ಟು ಆರಿದಾಗ ನಾದಿ. ಅದೂ ಪೂರ್ತಿ ಅಲ್ಲ, ಒಂದು ರೊಟ್ಟಿಗೆ ಬೇಕಾದಷ್ಟು ಎಳೆದುಕೊಂಡು, ತಣ್ಣೀರು ಚಿಮುಕಿಸುತ್ತ, ಅಂಗೈ ಬುಡದಿಂದ ಉಜ್ಜಿ ಉಜ್ಜಿ ನಾದಬೇಕು. ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ನೋಡುವುದಲ್ಲ. ಉಂಡೆಯನ್ನು ಒತ್ತಿದಾಗ ಅಂಚು ಬಿರಿಯದಿದ್ದರೆ ಸಾಕು. ತಟ್ಟಲು ಉದುರಿಸುವ ಹಿಟ್ಟೂ ಜೋಳದ್ದೇ ಇರಲಿ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಆಡಿಸಿ, ನೀರು ಆರುತ್ತಿದ್ದಂತೆ ತಿರುವಿ ಹಾಕಿ. ನಮ್ಮ ಅವ್ವ ಪಡಸಾಲೆಯಲ್ಲಿ ಕೂತು ತಟ್ಟುವ ಸಪ್ಪಳ ಕೇಳಿಯೇ "ನೀರು ಜಾಸ್ತಿ ಆಗೇತಿ" ಅನ್ನುತ್ತಿದ್ದಳು.

ಸಪ್ಪಳದ ಮಾತಿಗೆ ನೆನಪಾಯಿತು, ಚಪಾತಿ ಹಿಟ್ಟು ಹತ್ತಿದ ಪಾತ್ರೆಯನ್ನು ಕರಕರ ಕೆರೆಯುತ್ತ ಬಿಸಿನೀರು ಸುರಿಯುತ್ತೀರಲ್ಲ, ಅದು ಇನ್ನೂ ಬಿಗಿಯಾಗಿ ಅಂಟುತ್ತದೆ. ತಣ್ಣೀರಲ್ಲಿ ನೆನೆಹಾಕಿ. ಆ ಪಾತ್ರೆ ಉಜ್ಜಿದ ನಾರನ್ನು ಮಗುವಿನ ತಟ್ಟೆಗೆ ಮಾತ್ರ ಮುಟ್ಟಿಸಬೇಡಿ.

ಗಿರಣಿಯ ವಿಷಯವಂತೂ ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಮುಂದಿನವರು ಗೋಧಿ ಹಾಕಿಸಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದದ್ದೆಲ್ಲ ನಿಮ್ಮ ಜೋಳದ ಜೊತೆಗೇ ಬರುತ್ತದೆ. ನಾವು ಮನೆಯಲ್ಲೇ ಚಿಕ್ಕ ಗಿರಣಿ ಇಟ್ಟುಕೊಂಡಿದ್ದೇವೆ, ಗೋಧಿ ಅದರ ಹತ್ತಿರ ಸುಳಿಯುವುದಿಲ್ಲ. ಇಂಗಿನ ಡಬ್ಬಿ ತಿರುಗಿಸಿ ಓದಿದ್ದೀರಾ? ಎಷ್ಟೋ ಇಂಗಿಗೆ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಅಂದರೆ ಅನ್ನ ಸಾರೂ ಕೆಟ್ಟಿತು. ನಾನು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡುತ್ತೇನೆ. ರವೆ, ಚಿರೋಟಿ ರವೆ, ಗೋಧಿ ಶಾವಿಗೆ, ಸೋಯಾ ಸಾಸ್ ಯಾವುದೂ ಬೇಡ. ನಾಟಿ ಗೋಧಿಯಾದರೆ ಆಗುತ್ತೆ ಅಂತ ವಾದಿಸಬೇಡಿ, ಅದೂ ಗೋಧಿನೇ. ಪ್ಯಾಕೆಟ್ ತರುವುದಾದರೆ ಗ್ಲುಟೆನ್ ಫ್ರೀ ಅಂತ ಬರೆದದ್ದನ್ನೇ ತನ್ನಿ. ನಮ್ಮಲ್ಲಿ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು.

ಆ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಎಸರು ಹಾಕಿ ಮಾಡಿದಳಂತೆ, ಒಂದೂ ಹರಿಯಲಿಲ್ಲವಂತೆ. ಖುಷಿಯಾಯಿತು. ಹಂಚು ಯಾವುದು ಎಂದು ಕೇಳಿದೆ. "ಚಪಾತಿದೇ ಆಂಟಿ, ಯಾಕೆ?" ಅಂದಳು. ಬೇರೆ ಹಂಚು ತಂದು ಆಮೇಲೆ ಫೋನ್ ಮಾಡು ಅಂದೆ.