ತುಕ್ಕು ಹಿಡಿದ ನಟ್ಟು-ಬೋಲ್ಟಿಗೆ ಯಾವ ಎಣ್ಣೆ ಹಾಕಬೇಕು?

ನಟ್ಟು ಅಲುಗದಿದ್ದಾಗ ನಮ್ಮ ಕೈ ಮೊದಲು ಹುಡುಕುವುದು ಉದ್ದನೆಯ ಪೈಪನ್ನು. ಅದನ್ನು ಸ್ಪ್ಯಾನರಿಗೆ ತೊಡಿಸಿ, ಮೈಭಾರವೆಲ್ಲ ಹಾಕಿ ಜಗ್ಗುತ್ತೇವೆ. ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೇ ಬೋಲ್ಟೇ ಕಟ್ಟಾಗುತ್ತದೆ. ಆಮೇಲೆ ಡ್ರಿಲ್ ಹಿಡಿದು ಕೂರಬೇಕು. ಸರಿಯಾದ ಎಣ್ಣೆ ಹಾಕಿ ಅದಕ್ಕೆ ಸಮಯ ಕೊಟ್ಟರೆ ಬಹಳಷ್ಟು ಬೋಲ್ಟುಗಳು ಈ ಜಗ್ಗಾಟವಿಲ್ಲದೆ ಬಿಟ್ಟುಕೊಡುತ್ತವೆ. ಎಣ್ಣೆ, ಸಮಯ ಎರಡರಲ್ಲಿ ನನ್ನ ಮತ ಸಮಯಕ್ಕೆ. ಸಾಧಾರಣ ಎಣ್ಣೆಯೂ ಒಂದು ರಾತ್ರಿ ಸಿಕ್ಕರೆ ಕೆಲಸ ಮಾಡುತ್ತದೆ. ದುಬಾರಿ ಎಣ್ಣೆಗೂ ಎರಡು ನಿಮಿಷ ಸಾಲುವುದಿಲ್ಲ.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಆದರೆ ನಟ್ಟಿನ ಥ್ರೆಡ್ಡಿಗೂ (ಒಳಗಿನ ಸುರುಳಿ ಗೆರೆಗೂ) ಬೋಲ್ಟಿನ ಥ್ರೆಡ್ಡಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ತುಕ್ಕು ಅಲ್ಲಿ ಬೆಳೆದು ಎರಡನ್ನೂ ಒತ್ತಿ ಹಿಡಿಯುತ್ತದೆ. ಆ ಸಂದಿಗೆ ಇಳಿಯುವ ಎಣ್ಣೆ ತೀರಾ ತೆಳುವಾಗಿರಬೇಕು, ಲೋಹದ ಮೇಲೆ ಹನಿಯಾಗಿ ನಿಲ್ಲದೆ ಹರಡಿಕೊಳ್ಳಬೇಕು. ಹಾಗಿದ್ದರೆ ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವಂತೆ ಇದೂ ಸಂದಿನೊಳಗೆ ತಾನಾಗಿ ಹರಿಯುತ್ತದೆ. ಎಂಜಿನ್ ಆಯಿಲ್, ಗ್ರೀಸು ಇಲ್ಲಿ ಸೋಲುವುದು ದಪ್ಪ ಅನ್ನುವ ಕಾರಣಕ್ಕೇ.

ಹಂತ 1: ತುಕ್ಕೇ ಹೌದಾ, ನೋಡಿ

ಬಿಗಿಯಾದದ್ದೆಲ್ಲ ತುಕ್ಕಿನಿಂದಲ್ಲ. ಒಳಗೆ ನೈಲಾನ್ ಬಳೆ ಇರುವ ನಟ್ಟು ಕೊನೆಯವರೆಗೂ ಬಿಗಿಯಾಗಿಯೇ ತಿರುಗುತ್ತದೆ. ಅದರ ಗುಣವೇ ಅದು. ಥ್ರೆಡ್ಡಿಗೆ ಗಟ್ಟಿ ಲಾಕಿಂಗ್ ಅಂಟು ಹಾಕಿದ್ದರೆ ಎಣ್ಣೆಗೆ ಅದು ಜಗ್ಗುವುದಿಲ್ಲ, ಬಿಸಿ ಬೇಕು. ಸ್ಟೇನ್‌ಲೆಸ್ ಸ್ಟೀಲ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಸಿಕ್ಕಿಕೊಂಡರೆ ಲೋಹಕ್ಕೆ ಲೋಹವೇ ಉಜ್ಜಿ ಕಚ್ಚಿಕೊಂಡಿರುತ್ತದೆ. ಅಲ್ಲಿ ಎಣ್ಣೆಯಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಥ್ರೆಡ್ಡು ಯಾವ ಕಡೆಯದು ಅಂತಲೂ ನೋಡಿ. ಸೈಕಲ್ಲಿನ ಎಡ ಪೆಡಲ್ಲು, ಗ್ಯಾಸ್ ವೆಲ್ಡಿಂಗಿನ ಅಸಿಟಿಲೀನ್ ಪೈಪಿನ ನಟ್ಟು ಇವೆಲ್ಲ ಉಲ್ಟಾ ಥ್ರೆಡ್ಡಿನವು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಇವನ್ನು ಬಿಚ್ಚುತ್ತಿದ್ದೇವೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡುವವರು ಕಡಿಮೆ ಇಲ್ಲ.

ಹಂತ 2: ಎಣ್ಣೆಗೆ ಮೊದಲು ವೈರ್ ಬ್ರಷ್

ಮೇಲೆ ಕೂತ ಮಣ್ಣು, ಹಳೇ ಗ್ರೀಸು, ಪೇಂಟು, ಹೊಪ್ಪಳಿಕೆ ಎದ್ದ ತುಕ್ಕು ಎಲ್ಲವೂ ಎಣ್ಣೆಯನ್ನು ಹೊರಗೇ ಕುಡಿದುಬಿಡುತ್ತವೆ. ನಟ್ಟಿನಿಂದ ಹೊರಗೆ ಚಾಚಿರುವ ಥ್ರೆಡ್ಡನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ. ಹೇಗೂ ನಟ್ಟು ಅದರ ಮೇಲೇ ಹಾದು ಬರಬೇಕು ಅಲ್ವಾ? ಪೇಂಟು ಕಟ್ಟಿದ್ದರೆ ನಟ್ಟಿನ ಸುತ್ತ ಚೂಪಾದ ಮೊನೆಯಿಂದ ಒಂದು ಗೆರೆ ಎಳೆದು ಸಂದು ಬಿಡಿಸಿ.

ಹಂತ 3: ಎಣ್ಣೆ ಆರಿಸುವುದು

ಹೆಚ್ಚಿನವರ ಕೈಯಲ್ಲಿ ಇರುವುದು ಡಬ್ಲ್ಯೂಡಿ-40ರ ಮಾಮೂಲಿ ಡಬ್ಬಿ. ಇದು ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದ ಒಂದು ಸಣ್ಣ ಕಂಪನಿಯಲ್ಲಿ. ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಬೇಕು ಅನ್ನುವುದು ಅವರ ಗುರಿಯಾಗಿತ್ತು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಅದನ್ನು ಬಳಸಿದರು. ಆ ಕೆಲಸಕ್ಕೆ ಅದು ಇವತ್ತಿಗೂ ಒಳ್ಳೆಯದು. ಲಘುವಾಗಿ ತುಕ್ಕು ಹಿಡಿದ ಸ್ಕ್ರೂ, ಕೀಲುಗಳಿಗೂ ಸಾಕು. ಆದರೆ ವರ್ಷಗಟ್ಟಲೆ ಮಳೆಯಲ್ಲಿ ನೆಂದ ಬೋಲ್ಟಿಗೆ ಅದೇ ನನ್ನ ಮೊದಲ ಆಯ್ಕೆ ಅಲ್ಲ. ಅದೇ ಕಂಪನಿ ಇದಕ್ಕೆಂದೇ ಬೇರೆ ಪೆನೆಟ್ರಂಟ್, ಅಂದರೆ ಸಂದಿಗೆ ಇಳಿಯುವ ಎಣ್ಣೆ ಮಾರುತ್ತದೆ. ಅಂಗಡಿಯಲ್ಲಿ ಡಬ್ಬಿಯ ಬಣ್ಣ ನೋಡಿ ತರಬೇಡಿ, ಮೇಲೆ ಪೆನೆಟ್ರೇಟಿಂಗ್ ಆಯಿಲ್ ಅಂತ ಬರೆದಿದೆಯಾ ಓದಿ. ಲಿಕ್ವಿಡ್ ರೆಂಚ್, ಪಿಬಿ ಬ್ಲಾಸ್ಟರ್, ಕ್ರೋಯಿಲ್ ಇವೆಲ್ಲ ಈ ಕೆಲಸಕ್ಕೆಂದೇ ಮಾಡಿದವು. ಇವುಗಳಲ್ಲಿ ಯಾವುದು ಸಿಕ್ಕರೂ ಸರಿ. ಬ್ರ್ಯಾಂಡಿಗಾಗಿ ಅಲೆಯುವ ಹೊತ್ತನ್ನು ಬೋಲ್ಟು ನೆನೆಸುವುದಕ್ಕೆ ಕೊಡಿ.

ಇವು ಯಾವುದೂ ಇಲ್ಲದಿದ್ದರೆ ಡೀಸೆಲ್ ಅಥವಾ ಸೀಮೆಎಣ್ಣೆ. ಎರಡೂ ತೆಳು, ನಿಧಾನವಾಗಿಯಾದರೂ ಒಳಗಿಳಿಯುತ್ತವೆ. ಭಾಗವನ್ನೇ ಕಳಚಿ ತರಲು ಆಗುವುದಾದರೆ ಒಂದು ಡಬ್ಬದಲ್ಲಿ ಮುಳುಗಿಸಿ ಒಂದೆರಡು ದಿನ ಬಿಡಿ. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಅಡುಗೆ ಎಣ್ಣೆ ಮಾತ್ರ ಬೇಡ. ಗಾಳಿ ತಾಗಿ ಅಂಟಂಟಾಗುತ್ತದೆ, ಇದ್ದ ಕಷ್ಟಕ್ಕೆ ಇನ್ನೊಂದು ಸೇರುತ್ತದೆ.

ಮೆಕ್ಯಾನಿಕ್‌ಗಳು ಮೆಚ್ಚುವ ಇನ್ನೊಂದು ಮಿಶ್ರಣವಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ ಒಂದು ಪಾಲು, ಅಸಿಟೋನ್ ಒಂದು ಪಾಲು. ಅಸಿಟೋನ್ ಎಣ್ಣೆಯನ್ನು ತೆಳು ಮಾಡಿ ಒಳಗೆ ಕರೆದೊಯ್ದು ತಾನು ಆರಿಹೋಗುತ್ತದೆ. ಎರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಅಲುಗಾಡಿಸಿ ಹಾಕಬೇಕು. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಅಸಿಟೋನ್ ಪೇಂಟು ಎಬ್ಬಿಸುತ್ತದೆ, ಹಲವು ಬಗೆಯ ಪ್ಲಾಸ್ಟಿಕ್ ಕರಗಿಸುತ್ತದೆ, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾತ್ರ ಬಳಸಿ.

ಯಾವ ಎಣ್ಣೆ ಅನ್ನುವಷ್ಟೇ ಮುಖ್ಯ, ಬೋಲ್ಟಿನ ಅಕ್ಕಪಕ್ಕ ಏನಿದೆ ಅನ್ನುವುದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಸಹಜ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ರಬ್ಬರ್ ಬುಷ್ ಇದ್ದರೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಸ್ಪ್ರೇ ಮಾಡದೆ ಹನಿಹನಿಯಾಗಿ ಹಾಕಿ. ಬ್ರೇಕಿನ ಡಿಸ್ಕು, ಪ್ಯಾಡಿನ ಮೇಲೆ ಒಂದು ಹನಿಯೂ ಬೀಳಬಾರದು. ಇನ್ನು ಆಕ್ಸಿಜನ್ ಸಿಲಿಂಡರಿನ ವಾಲ್ವು, ರೆಗ್ಯುಲೇಟರಿಗೆ ಯಾವ ಎಣ್ಣೆಯನ್ನೂ ಯಾವತ್ತೂ ಹಾಕಬೇಡಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಬೆಂಕಿಯೇ ಏಳಬಹುದು.

ಹಂತ 4: ಹಾಕಿ, ತಟ್ಟಿ, ಬಿಡಿ

ಎಲ್ಲ ಕಡೆ ಸುರಿಯುವುದರಿಂದ ಏನೂ ಲಾಭವಿಲ್ಲ. ಎಣ್ಣೆ ಹೋಗಬೇಕಾದ್ದು ಥ್ರೆಡ್ಡು ನಟ್ಟಿನೊಳಗೆ ಸೇರುವ ಜಾಗಕ್ಕೆ, ಎರಡೂ ಬದಿಯಿಂದ. ಆಗುವುದಾದರೆ ಮೇಲಿನಿಂದ ಹಾಕಿ, ಇಳಿಯುವುದಕ್ಕೆ ಭಾರವೂ ನೆರವಾಗುತ್ತದೆ. ತಲೆಕೆಳಗಾದ ಬೋಲ್ಟಿಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ ಕಟ್ಟಿ.

ಆಮೇಲೆ ಸಣ್ಣ ಸುತ್ತಿಗೆಯಿಂದ ನಟ್ಟಿನ ಒಂದೊಂದು ಮುಖಕ್ಕೂ ತಟ್ಟಿ. ಎದುರು ಬದಿಗೆ ಇನ್ನೊಂದು ಭಾರದ ಕಬ್ಬಿಣ ಆನಿಸಿ ಹಿಡಿದರೆ ಪೆಟ್ಟು ಪೋಲಾಗುವುದಿಲ್ಲ. ಬಡಿಯುವುದು ಬೇಡ, ತಟ್ಟಿದರೆ ಸಾಕು. ಆ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ಥ್ರೆಡ್ಡಿನ ತುದಿಗೆ ಮಾತ್ರ ನೇರ ಹೊಡೆಯಬೇಡಿ, ಅದು ಅರಳಿಕೊಂಡರೆ ನಟ್ಟು ಹೊರಗೇ ಬರುವುದಿಲ್ಲ.

ಸಾಧಾರಣ ತುಕ್ಕಿಗೆ 15-20 ನಿಮಿಷ ಬಿಡಿ. ಜಾಸ್ತಿ ಇದ್ದರೆ ಸಂಜೆ ಹಾಕಿ, ಮಲಗುವ ಮುಂಚೆ ಇನ್ನೊಮ್ಮೆ ಹಾಕಿ, ಬೆಳಿಗ್ಗೆ ನೋಡಿ. ನಟ್ಟಿನ ಬುಡದಲ್ಲಿ ಕಂದು ಬಣ್ಣದ ತೆಳು ಗೆರೆ ಒಸರಿದ್ದರೆ ಒಳ್ಳೆಯ ಲಕ್ಷಣ. ಎಣ್ಣೆ ಒಳಗೆ ಹೋಗಿ ತುಕ್ಕನ್ನು ಹೊತ್ತು ತರುತ್ತಿದೆ.

ಹಂತ 5: ತಿರುಗಿಸುವಾಗ ಕೈಯ ಮಾತು ಕೇಳಿ

ಹನ್ನೆರಡು ಮೂಲೆಯ ಸಾಕೆಟ್ಟು, ಅಡ್ಜಸ್ಟಬಲ್ ಸ್ಪ್ಯಾನರು ಪಕ್ಕಕ್ಕಿಡಿ. ಆರು ಮೂಲೆಯ, ಸರಿ ಅಳತೆಯ ಸಾಕೆಟ್ಟು ತೊಡಿಸಿ. ಮೊದಲು ಬಿಗಿಯಾಗುವ ಕಡೆಗೆ ಚೂರು ತಿರುಗಿಸಿ. ವಿಚಿತ್ರ ಅನಿಸಬಹುದು, ಆದರೆ ತುಕ್ಕಿನ ಹಿಡಿತ ಮುರಿಯಲು ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನಂತರ ಬಿಚ್ಚುವ ಕಡೆಗೆ.

'ಟಕ್' ಅಂತಲೋ 'ಕಿರ್' ಅಂತಲೋ ಸದ್ದಾಗಿ ಒಂದಿಷ್ಟು ಜರುಗಿತು ಅನ್ನಿ, ಅದು ನಟ್ಟು ಬಿಟ್ಟ ಸದ್ದು. ಅದೇ ಸದ್ದಿಲ್ಲದೆ, ರಬ್ಬರ್ ಎಳೆದ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಅಲ್ಲಿ ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ. ಮತ್ತೆ ಎಣ್ಣೆ, ಮತ್ತೆ ಕಾಯುವುದು.

ಒಮ್ಮೆ ಅಲುಗಿದ ಮೇಲೂ ಒಂದೇ ಸಮನೆ ಬಿಚ್ಚಬೇಡಿ. ಕಾಲು ಸುತ್ತು ಹೊರಗೆ, ಅರ್ಧದಷ್ಟು ವಾಪಸ್ಸು, ಎರಡು ಹನಿ ಎಣ್ಣೆ, ಮತ್ತೆ ಹೊರಗೆ. ಇಲ್ಲದಿದ್ದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ತುಂಬಿ ಮತ್ತೆ ಜಾಮ್ ಆಗುತ್ತದೆ.

ಹಂತ 6: ಯಾವುದಕ್ಕೂ ಬಗ್ಗದಿದ್ದರೆ ಬಿಸಿ

ಬೆಂಕಿಯ ಜ್ವಾಲೆ ಬರುವ ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಬೋಲ್ಟನ್ನಲ್ಲ. ನಟ್ಟು ಹಿಗ್ಗಿ ಹಿಡಿತ ಸಡಿಲಾಗುತ್ತದೆ. ಅದಕ್ಕೆ ಮೊದಲು ಹಾಕಿದ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಲೇಬೇಕು, ಎಣ್ಣೆಯ ಬಟ್ಟೆ, ಸ್ಪ್ರೇ ಡಬ್ಬಿ ದೂರವಿಡಬೇಕು. ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಬೆಂಕಿ ಹಿಡಿಯಲೇಬೇಡಿ, ಕ್ಲೋರಿನ್ ಇರುವ ಬಗೆಯದಾದರೆ ವಿಷದ ಅನಿಲ ಬರುತ್ತದೆ. ಸತುವಿನ ಲೇಪವಿದ್ದರೆ ಅದರ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ಇಂಧನ ಟ್ಯಾಂಕು, ಶಾಕ್ ಅಬ್ಸಾರ್ಬರು ಹತ್ತಿರವಿದ್ದರೆ ಈ ಹಂತವನ್ನೇ ಬಿಡಿ. ತಲೆಯ ಮೇಲೆ 8.8, 10.9 ಅಂತ ಬರೆದ ಗಟ್ಟಿ ಬೋಲ್ಟುಗಳು ಜಾಸ್ತಿ ಕಾದರೆ ಬಲ ಕಳೆದುಕೊಳ್ಳುತ್ತವೆ, ಅವನ್ನು ಮತ್ತೆ ಬಳಸಬೇಡಿ.

ಕಾದ ನಟ್ಟಿಗೆ ಮೇಣದ ಬತ್ತಿ ತಾಗಿಸುವ ಹಳೆಯ ಉಪಾಯವೂ ಇದೆ. ಟಾರ್ಚ್ ಆರಿಸಿ, ನಟ್ಟು ಕೊಂಚ ಆರಿದ ಮೇಲೆ ತಾಗಿಸಿ. ಮೇಣ ಕರಗಿ ಥ್ರೆಡ್ಡಿಗೆ ಇಳಿಯುತ್ತದೆ.

ಮತ್ತೆ ಜೋಡಿಸುವ ಮುಂಚೆ

ಪೆನೆಟ್ರೇಟಿಂಗ್ ಆಯಿಲ್ ಬೇಗ ಆರಿಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಅದು ಕಾವಲಲ್ಲ. ಥ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ, ಒರೆಸಿ, ಥ್ರೆಡ್ಡು ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ, ತಾಮ್ರದ ಪುಡಿ ಇರುವ ಆ್ಯಂಟಿ-ಸೀಜ್ ಪೇಸ್ಟು ತೆಳುವಾಗಿ ಹಚ್ಚಿ. ಥ್ರೆಡ್ಡು ಜಾರುವಂತಾದಾಗ ಅದೇ ಬಲಕ್ಕೆ ಬೋಲ್ಟು ಜಾಸ್ತಿ ಬಿಗಿಯಾಗುತ್ತದೆ, ಆದ್ದರಿಂದ ಟಾರ್ಕ್, ಅಂದರೆ ಬಿಗಿ ಮಾಡಲು ತಿರುಗಿಸುವ ಬಲ, ಸ್ವಲ್ಪ ಇಳಿಸಬೇಕು. ವಾಹನದ ಚಕ್ರದ ನಟ್ಟಿಗೆ ಮಾತ್ರ ಸುಮ್ನೆ ಯಾವುದನ್ನೂ ಹಚ್ಚಬೇಡಿ. ಬಿಚ್ಚುವಾಗ ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿ, ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಟಾರ್ಕಿಗೇ ಬಿಗಿ ಮಾಡಿ.